ವಜ್ರದೊಳಗಿನ ಅಲೆ: ಪ್ರತ್ಯಕ್ಷವೋ, ಅನುಮಾನವೋ?

ಬೆಟ್ಟದ ಮೇಲೆ ಹೊಗೆ ಕಂಡರೆ ಅದು ಪ್ರತ್ಯಕ್ಷ; ಕಾಣದ ಬೆಂಕಿಯನ್ನು ಅದರಿಂದ ತಿಳಿದರೆ ಅನುಮಾನ. ತರ್ಕಶಾಸ್ತ್ರಜ್ಞರಾದ ನೈಯಾಯಿಕರು ಇದಕ್ಕೆ ಅಡುಗೆಮನೆಯ ಒಲೆಯನ್ನು ಸಾಕ್ಷಿಗೆ ಕರೆಯುತ್ತಿದ್ದರು. ಇವತ್ತು ಇವೆರಡರ ನಡುವಿನ ಗೆರೆಯನ್ನು ಪರೀಕ್ಷಿಸಲು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸ್ಲ್ಯಾಕ್ ಪ್ರಯೋಗಾಲಯ ಒಳ್ಳೆಯ ಜಾಗ. ಅಲ್ಲಿ ವಜ್ರದ ಚೂರಿಗೆ ಲೇಸರ್ ಬಡಿಯುತ್ತದೆ, ಮೇಲ್ಪದರ ಸಿಡಿಯುತ್ತದೆ, ಆ ಒದೆತಕ್ಕೆ ಒಳಗೆ ಆಘಾತದ ಅಲೆ ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಡ್ಡದಿಂದ ಸುಮಾರು 50 ಫೆಮ್ಟೊಸೆಕೆಂಡಿನ ಎಕ್ಸ್-ರೇ ಮಿಂಚು ಹಾಯುತ್ತದೆ. ಅಷ್ಟರಲ್ಲಿ ಅಲೆ ಸರಿಯುವುದು 1 ನ್ಯಾನೊಮೀಟರ್ ಮಾತ್ರ, ಚಿತ್ರ ಕಲಸಿಹೋಗುವುದಿಲ್ಲ. 2015ರಲ್ಲಿ ಪ್ರಕಟವಾದ ಆ ಚಿತ್ರಗಳನ್ನು ನೋಡಿದರೆ ‘ಅಲೆ ಕಂಡಿತು’ ಅನ್ನಲು ಬಾಯಿ ತಾನಾಗಿ ಮುಂದಾಗುತ್ತದೆ. ಕಂಡಿಲ್ಲ ಎಂಬುದು ನನ್ನ ವಾದ.

ವಜ್ರವೆಂದರೆ ಬರೀ ಇಂಗಾಲ, ಎಕ್ಸ್-ರೇಯನ್ನು ಅಷ್ಟಾಗಿ ಹೀರುವುದಿಲ್ಲ; ಮುರಿದ ಮೂಳೆಯ ಚಿತ್ರದಲ್ಲಿ ಬೀಳುವಂಥ ನೆರಳು ಇಲ್ಲಿಲ್ಲ. ಅಲೆ ಒತ್ತಿದ ಕಡೆ ಸಾಂದ್ರತೆ ಹೆಚ್ಚಿ, ಹಾದುಬಂದ ಕಿರಣದ ತರಂಗ ತುಸು ಹೆಜ್ಜೆ ತಪ್ಪುತ್ತದೆ. ಈ ಹೆಜ್ಜೆಯೇ ಫೇಸ್. ಪತ್ತೆಯಂತ್ರಕ್ಕೆ ಅದು ತಿಳಿಯದು, ಎಷ್ಟು ಕಿರಣ ಬಿತ್ತು ಎಂಬುದಷ್ಟೇ ತಿಳಿಯುತ್ತದೆ. ಹೆಜ್ಜೆ ತಪ್ಪಿದ ತರಂಗಗಳು ಇನ್ನಷ್ಟು ದೂರ ಸಾಗಿ, ಒಂದರ ಮೇಲೊಂದು ಬಿದ್ದು ಕಪ್ಪು-ಬಿಳುಪು ಪಟ್ಟೆಗಳಾಗುತ್ತವೆ. ಆ ಪಟ್ಟೆಯೇ ಹೊಗೆ. ಪಟ್ಟೆಯಿಂದ ಫೇಸ್, ಫೇಸಿನಿಂದ ಸಾಂದ್ರತೆ, ಎಲ್ಲವೂ ಲೆಕ್ಕ. ಕಣ್ಣೂ ಲೆಕ್ಕವನ್ನೇ ಹಾಕುತ್ತದೆಯಲ್ಲ ಎಂದು ಕೇಳಬಹುದು. ಹಾಕುತ್ತದೆ, ನಮಗೆ ತಿಳಿಸದೆ. ಇಲ್ಲಿ ಪ್ರತಿ ಮೆಟ್ಟಿಲೂ ಕಾಗದದ ಮೇಲಿದೆ, ಎಡವಿದ್ದೆಲ್ಲಿ ಎಂದು ಹುಡುಕಬಹುದು. ಹಾಗಾಗಿ ಅನುಮಾನ ಅಂದರೆ ಚಿತ್ರಕ್ಕೆ ಅವಮಾನವೇನಲ್ಲ. 1887ರಲ್ಲಿ ಪೀಟರ್ ಸಾಲ್ಷರ್ ಜೊತೆ ಗುಂಡಿನ ಆಘಾತದ ಅಲೆಯ ಫೋಟೊ ಪ್ರಕಟಿಸಿದ ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್, ಪರಮಾಣುವನ್ನು ಮಾತ್ರ ಇಂದ್ರಿಯಕ್ಕೆ ಸಿಗದ್ದೆಂದು ಬಹುಕಾಲ ಒಪ್ಪಲಿಲ್ಲ. ಆದರೆ ಅವನ ಅಲೆಯೂ ಬೆಳಕು ಬಾಗಿದ ಗುರುತಿನಿಂದಲೇ ಸಿಕ್ಕಿದ್ದು.

ಕಣ್ಣಿನ ಆ ಆಕ್ಷೇಪಕ್ಕಿಂತ ಗಟ್ಟಿಯಾದದ್ದು ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕನದು. ಹೊಡೆತ ಬಿದ್ದ ಜಾಗ ಹಾಳಾಗುವುದರಿಂದ ಪ್ರತಿ ಚಿತ್ರವೂ ಹೊಸದೊಂದು ಹೊಡೆತದ್ದು. ಲೇಸರಿಗೂ ಎಕ್ಸ್-ರೇಗೂ ನಡುವಿನ ವಿಳಂಬ ಬದಲಿಸುತ್ತ ತೆಗೆದು, ಸಾಲಾಗಿ ಜೋಡಿಸಿ, ಅಲೆ ಓಡಿತು ಎನ್ನುತ್ತೇವೆ. ಹಾಗೆ ಜೋಡಿಸಿದ ಸಾಲಿನಲ್ಲಿ ಎರಡು ಸಲ ಸಿಕ್ಕ ಅಲೆ ಒಂದೂ ಇಲ್ಲ. ವ್ಯಾಪ್ತಿಯನ್ನು, ಅಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬಂಥ ನಿಯಮವನ್ನು, ಪೂರ್ತಿ ಕಂಡವರಿಲ್ಲ ಎಂಬ ಅವನ ಹಳೆಯ ತಕರಾರು ಇಲ್ಲಿ ಅಕ್ಷರಶಃ ನಿಜ. ಆದರೂ ಅದೇ ವಿಳಂಬಕ್ಕೆ ಮತ್ತೆ ಹೊಡೆದು, ಅಲೆ ಅದೇ ಜಾಗದಲ್ಲಿ ಸಿಗುತ್ತದೆಯೇ ಎಂದು ನೋಡಬಹುದು. ಸಿಕ್ಕಷ್ಟರ ಮಟ್ಟಿಗೆ ವ್ಯಾಪ್ತಿ ನಿಲ್ಲುತ್ತದೆ. ಅವನಿಗೆ ಬಿಟ್ಟುಕೊಡಬೇಕಾದ್ದೂ ಇದೆ. ಒಂದು ಹರಳಿಗೆ ಮಾತ್ರ ಇದ್ದ ಸಣ್ಣ ಬಿರುಕು, ಅದರ ಬಳಿ ಅಲೆ ಬಾಗಿದ ರೀತಿ, ಮುಂದಿನ ಚಿತ್ರದಲ್ಲಿ ಇರುವುದಿಲ್ಲ. ಆಮೇಲೆ ಅಲ್ಲಿ ಏನಾಯಿತು ಎಂದು ಕೇಳಿದರೆ ಆ ಸಾಲಿನಲ್ಲಿ ಉತ್ತರವಿಲ್ಲ.