ನಾಲಿಗೆಯಡಿಯ ಹರಳು

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 4ನೇ ಶತಮಾನದ ಒಂದು ಪಪೈರಸ್ ಹೊತ್ತಗೆಯಿದೆ. ರೋಮನ್ನರ ಆಳ್ವಿಕೆಯಲ್ಲಿದ್ದ ಈಜಿಪ್ಟಿನಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಮಾಟಮಂತ್ರದ ಕೈಪಿಡಿ. ಅದರಲ್ಲಿ ‘ದಾರ್ದನಸ್‌ನ ಕತ್ತಿ’ ಎಂಬ ವಶೀಕರಣ ವಿಧಿ ಬರುತ್ತದೆ. ಹೆಸರು ಕತ್ತಿಯಾದರೂ ಮುಖ್ಯವಾಗಿ ಬೇಕಾದದ್ದು ಉಸಿರಾಡುವ ಸೂಜಿಗಲ್ಲು, ಅಂದರೆ ಸೆಳೆತ ಇನ್ನೂ ಉಳಿದಿರುವಂಥದ್ದು. ಕಬ್ಬಿಣವನ್ನು ಎಳೆದುಕೊಳ್ಳುವ ಕಲ್ಲು ಹೆಣ್ಣನ್ನೂ ಎಳೆದು ತಂದೀತು ಎಂಬ ಲೆಕ್ಕಾಚಾರ.

ಅದರ ಮೇಲೆ ಕೆತ್ತಬೇಕಾದ ಚಿತ್ರವನ್ನು ನೋಡಿ. ಒಂದು ಮಗ್ಗುಲಲ್ಲಿ ಪ್ರೇಮದೇವತೆ ಆಫ್ರೊಡೈಟಿ ಸೈಕಿಯ ಮೇಲೆ ಕುದುರೆ ಏರಿದಂತೆ ಕೂತಿದ್ದಾಳೆ. ಕೆಳಗೆ ಈರೋಸ್, ಗ್ರೀಕರ ಮನ್ಮಥ, ಉರಿಯುವ ಪಂಜಿನಿಂದ ತನ್ನ ಪ್ರೇಯಸಿ ಸೈಕಿಯನ್ನು ಸುಡುತ್ತಿದ್ದಾನೆ. ಇನ್ನೊಂದು ಮಗ್ಗುಲಲ್ಲಿ ಅದೇ ಈರೋಸ್, ಅದೇ ಸೈಕಿ, ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. ಇದು ಬರೀ ಪುಸ್ತಕದ ಬದನೆಕಾಯಿಯಲ್ಲ. 1930ರಲ್ಲಿ ರೆನೆ ಮೂತೆರ್ದ್ ಎಂಬ ವಿದ್ವಾಂಸರು ಪ್ರಕಟಿಸಿದ ಹರಳೊಂದರಲ್ಲಿ ಹೆಚ್ಚುಕಡಿಮೆ ಇದೇ ಕೆತ್ತನೆಯಿದೆ. ಯಾರೋ ಕುಶಲಕರ್ಮಿ ಕೂತು, ಬೆರಳ ತುದಿಯಷ್ಟು ಜಾಗದಲ್ಲಿ ಆ ಪಂಜನ್ನೂ ಆ ಅಪ್ಪುಗೆಯನ್ನೂ ಕೊರೆದಿದ್ದಾನೆ.

ಕೆತ್ತಿದ ಹರಳನ್ನು ನಾಲಿಗೆಯಡಿ ಇಟ್ಟುಕೊಂಡು, ಬೇಕಾದ ಕಡೆಗೆ ಹೊರಳಿಸುತ್ತಾ ಮಂತ್ರ ಹೇಳಬೇಕು. ನನ್ನ ಮನಸ್ಸು ನಿಂತದ್ದು ಈ ಹೊರಳಿಸುವ ಮಾತಿನಲ್ಲಿ. ಒಂದು ಮುಖದಲ್ಲಿ ಸುಡುವುದು, ಇನ್ನೊಂದರಲ್ಲಿ ತಬ್ಬುವುದು. ಎರಡನ್ನೂ ಒಮ್ಮೆಗೇ ನೋಡಲಾಗದು. ಬಾಯಲ್ಲಿಟ್ಟುಕೊಂಡವನಿಗಂತೂ ಯಾವುದೂ ಕಾಣದು. ತಾನು ಸುಡುತ್ತಿದ್ದೇನೆ ಎಂಬುದನ್ನು ಮರೆತು, ತಬ್ಬಿಕೊಳ್ಳುವುದನ್ನಷ್ಟೇ ನೆನೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಉಂಟೆ?

ಅದೇ ಹೊತ್ತಗೆಯ ಇನ್ನೊಂದು ಮಂತ್ರ, ಬಯಸಿದ ಹೆಣ್ಣು ತನ್ನ ಬಳಿ ಬರುವ ತನಕ ಉಣ್ಣಬಾರದು, ಕುಡಿಯಬಾರದು, ನಿದ್ದೆ ಮಾಡಬಾರದು ಎಂದು ಬೇಡುತ್ತದೆ. ಆ ವಿಧಿಗೆ ಹೊಂದುವ ಹೆಣ್ಣಿನ ಮಣ್ಣಿನ ಗೊಂಬೆ ಲೂವ್ರ್ ಸಂಗ್ರಹಾಲಯದಲ್ಲಿದೆ, ಮೈತುಂಬ 13 ಸೂಜಿ ಚುಚ್ಚಿಸಿಕೊಂಡು. ಊಟ ನಿದ್ದೆ ಬಿಟ್ಟವನು ನಿಜಕ್ಕೂ ಯಾರು? ಮಂತ್ರ ಹೇಳುತ್ತಾ ಕೂತವನೇ ಅಲ್ಲವೆ? ತನ್ನ ಸಂಕಟವನ್ನೇ ಅವಳ ತಲೆಗೆ ಕಟ್ಟಲು ಹೊರಟಿದ್ದಾನೆ. ನಮ್ಮ ಬಸ್ ನಿಲ್ದಾಣದ ಕಂಬಗಳಿಗೆ ಅಂಟಿಸಿದ ‘ಸ್ತ್ರೀ-ಪುರುಷ ವಶೀಕರಣ’ದ ಚೀಟಿ ಓದಿ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಒಂದು ವೇಳೆ ಅವಳು ಬಂದೇ ಬಿಟ್ಟಳು ಎನ್ನಿ. ಮೆಚ್ಚಿ ಬಂದಳೋ, ಕಲ್ಲು ಎಳೆದು ತಂದಿತೋ? ಈ ಅನುಮಾನಕ್ಕೆ ಯಾವ ಮಂತ್ರದಲ್ಲೂ ಪರಿಹಾರವಿಲ್ಲ. ಮಹಾಭಾರತದ ವನಪರ್ವದಲ್ಲಿ ಗಂಡಂದಿರನ್ನು ಒಲಿಸಿಕೊಂಡ ಮಂತ್ರ, ಮೂಲಿಕೆ ಯಾವುದೆಂದು ಸತ್ಯಭಾಮೆ ಕೇಳಿದಾಗ ದ್ರೌಪದಿ ಅದನ್ನು ತಳ್ಳಿಹಾಕುವುದು ಸುಮ್ಮನೆ ಅಲ್ಲ. ಮಂತ್ರ ಹಾಕುವ ಹೆಂಡತಿಗೆ ಗಂಡ ಮನೆ ಹೊಕ್ಕ ಹಾವಿಗೆ ಅಂಜಿದಂತೆ ಅಂಜುತ್ತಾನೆ ಎನ್ನುತ್ತಾಳೆ ಆಕೆ.

ಹೆಣ್ಣಿನ ಇಚ್ಛೆಗೆ ಜಾಗ ಕೊಡದವರು ಮಂತ್ರವಾದಿಗಳಷ್ಟೇ ಅಲ್ಲ. ಕ್ರಿ.ಶ. 158-59ರ ಸುಮಾರಿಗೆ, ಇಂದಿನ ಲಿಬಿಯಾದ ಸಬ್ರಾಥಾದಲ್ಲಿ ಅಪುಲೇಯಸ್ ಎಂಬ ಲೇಖಕನ ಮೇಲೆ ಮೊಕದ್ದಮೆ ನಡೆಯಿತು. ಸಿರಿವಂತ ವಿಧವೆ ಪುಡೆಂಟಿಲ್ಲಾಳನ್ನು ಮಾಟದಿಂದ ಮರುಳು ಮಾಡಿ ಮದುವೆಯಾದ ಎಂಬುದು ಆರೋಪ. ಹತ್ತು ವರ್ಷಕ್ಕೂ ಮಿಕ್ಕಿ ಒಂಟಿಯಾಗಿದ್ದವಳು ತಾನಾಗಿ ಒಬ್ಬನನ್ನು ಆರಿಸಿಕೊಂಡಾಳು ಎಂದರೆ ಬಂಧುಗಳಿಗೆ ನಂಬಿಕೆ ಬರಲಿಲ್ಲ, ಮಾಟ ಎಂದರೆ ಬಂತು! ಸೈಕಿಯ ಕಥೆಯನ್ನು ವಿಸ್ತಾರವಾಗಿ ಬರೆದವನೂ ಇದೇ ಅಪುಲೇಯಸ್. ಅವನ ಕಥೆಯಲ್ಲಿ ಸುಟ್ಟುಕೊಳ್ಳುವವನು ಮನ್ಮಥ. ಮಲಗಿದವನ ಮುಖ ನೋಡಲೆಂದು ಸೈಕಿ ಹಿಡಿದ ದೀಪದ ಎಣ್ಣೆ ಅವನ ಭುಜದ ಮೇಲೆ ತೊಟ್ಟಿಕ್ಕುತ್ತದೆ.

ವಿಚಾರಣೆಯಲ್ಲಿ ಎದುರಾಳಿಗಳು ಪುಡೆಂಟಿಲ್ಲಾಳದೇ ಪತ್ರದ ಒಂದು ತುಣುಕನ್ನು ಸಾಕ್ಷಿಯಾಗಿ ತಂದರು. ಅವನು ಮಾಟಗಾರ, ನಾನು ಮರುಳಾಗಿದ್ದೇನೆ ಎಂದು ಆಕೆಯೇ ಒಪ್ಪಿಕೊಂಡಂತಿತ್ತು. ಅಪುಲೇಯಸ್ ಹಿಂದುಮುಂದಿನ ಸಾಲುಗಳನ್ನೂ ಓದಿಸಿದ. ಮದುವೆಯಾಗುವ ಕಾರಣಗಳನ್ನು ಆಕೆ ಮಗನಿಗೆ ವಿವರಿಸಿದ್ದಳು. ಇವನನ್ನೇ ಆರಿಸು ಎಂದು ಮೊದಲು ಒತ್ತಾಯಿಸಿದವನು ನೀನೇ ಎಂದು ನೆನಪಿಸಿದ್ದಳು. ಮಾಟದ ಮಾತನ್ನು ಆಕೆ ಬರೆದದ್ದು, ಚಾಡಿ ಕೇಳಿದ ಮಗನನ್ನು ಹಂಗಿಸಲು.