ಬಣ್ಣದ ಕೆಳಗೆ

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ನೋಡಲು ಬಂದವರಿಗೆ ಅದು ಚೆಂದ. ದಿನವೂ ಆ ದಾರಿಯಲ್ಲೇ ಶಾಲೆಗೆ ಹೋಗಿಬರುವ ಕಾರಿಗೆ ಅಷ್ಟೇನೂ ಚೆಂದವಲ್ಲ. 2009ರ ಕೊನೆಯಲ್ಲಿ ಕೊಂಡ ನಮ್ಮ ಕಾರು ಹನ್ನೆರಡು ಮಳೆಗಾಲ ಆ ಉಪ್ಪುಗಾಳಿ ಕುಡಿಯಿತು. ಹಿಂದಿನ ಎಡ ಚಕ್ರದ ಮೇಲೆ, ತಗಡು ಕಮಾನಿನಂತೆ ಬಾಗುವಲ್ಲಿ, ಒಂದು ದಿನ ಹಪ್ಪಳದ ಗುಳ್ಳೆಯಂಥದ್ದು ಕಂಡಿತು. ಉಗುರಿನಿಂದ ಒತ್ತಿದೆ. ಬಣ್ಣ ಕಿತ್ತು ಕಂದು ಪುಡಿ ಉದುರಿತು.

ನಾನು ವಿಜ್ಞಾನದ ಟೀಚರಲ್ಲ, ಕನ್ನಡದವಳು. ತುಕ್ಕಿನ ಪಾಠ ನನಗೆ ಹೇಳಿದವರು ಗ್ಯಾರೇಜಿನ ಟಿಂಕರ್. ಕಮಾನಿನ ಅಂಚನ್ನು ಒಳಕ್ಕೆ ಮಡಚಿರುತ್ತಾರೆ. ಚಕ್ರ ಎರಚಿದ ಕೆಸರು ಆ ಮಡಿಕೆಯಲ್ಲಿ ಕೂತರೆ, ಹೊರಗೆ ಬಿಸಿಲಿದ್ದರೂ ಒಳಗೆ ಒದ್ದೆ ಆರುವುದಿಲ್ಲ. ಕಬ್ಬಿಣಕ್ಕೆ ನೀರೂ ಗಾಳಿಯೂ ಸಿಕ್ಕರೆ ಸಾಕು. ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಬಣ್ಣವನ್ನು ಎಬ್ಬಿಸುತ್ತದೆ. ನಮ್ಮ ಕಣ್ಣಿಗೆ ಗುಳ್ಳೆ ಬೀಳುವ ಹೊತ್ತಿಗೆ ಒಳಗಿನ ತಗಡು ಬಹಳಷ್ಟು ಹೋಗಿರುತ್ತದೆ. (ಈಗಿನ ಕಾರಿಗೆ ಪ್ರತಿ ಭಾನುವಾರ ಚಕ್ರದ ಒಳಬದಿಗೆ ಪೈಪು ಹಿಡಿದು ಬಾವಿಯ ಸಿಹಿನೀರು ಬಿಡುತ್ತೇನೆ. ಹೊರಗೆ ತೊಳೆಯದೆ ಒಳಗೆ ತೊಳೆಯುವವಳೆಂದು ನೆರೆಮನೆಯವರಿಗೆ ನಗು.)

ಮದ್ದು ಎರಡು ಬಗೆ ಎಂದರು. ಸರಿಯಾದದ್ದು ಎಂದರೆ ಹೊಳೆಯುವ ತಗಡು ಕಾಣುವವರೆಗೂ ಕೆರೆದು ಉಜ್ಜುವುದು. ತೂತಾಗಿದ್ದರೆ ಕೊಳೆತಷ್ಟನ್ನೂ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡುವುದು. ತಡಮಾಡದೆ ಪ್ರೈಮರ್ ಬಳಿದು ಆಮೇಲೆ ಬಣ್ಣ, ಒಳಬದಿಗೆ ಡಾಂಬರಿನಂಥ ಲೇಪ. ಇನ್ನೊಂದು, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ನುಣ್ಣಗೆ ಉಜ್ಜಿ ಬಣ್ಣ ಹೊಡೆಯುವುದು. "ಮಾರುದಾದ್ರೆ ಎರಡನೇದೇ ಸಾಕ್ ಟೀಚರ್" ಎಂದರು. ನಾವು ಮಾರುವವರೇ ಆಗಿದ್ದೆವು. ಎರಡನೆಯದನ್ನೇ ಮಾಡಿಸಿದೆವು.

2021ರ ಡಿಸೆಂಬರಿನಲ್ಲಿ ಕಾರು ಕೊಂಡವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ಮುಂಬಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದವರು. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಗಾಡಿ ಬೇಕಿತ್ತು. ಒಂದು ಸುತ್ತು ಹಾಕಿ ನೋಡಿ ಎಂದು ನನ್ನವರು ಹೇಳಿದರು. ಅವರು ಎದ್ದೇಳಲೇ ಇಲ್ಲ. "ನಿಮ್ ಕಾರ್ ಅಂದ್ ಮೇಲೆ ಕಾಂಬುಕೆ ಎಂತ ಇತ್ತ್ ಟೀಚರ್?" ಎಂದು ಚಹಾ ಕುಡಿದು ಹಣ ಎಣಿಸಿಕೊಟ್ಟರು. ನಾನು ಇನ್ನೊಂದು ಚಕ್ಕುಲಿ ಹಾಕಿದೆ.

"ಅವರು ಕೇಳಲಿಲ್ಲ, ನೀನು ಹೇಳಲಿಲ್ಲ. ಇದರಲ್ಲಿ ಸುಳ್ಳು ಎಲ್ಲಿ ಬಂತು?" ಎಂದು ಆ ರಾತ್ರಿ ನನ್ನವರು ಕೇಳಿದರು. ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಂತೆಯಲ್ಲಿ ಬದನೆ ಮಾರುವವಳು ಹುಳುಕನ್ನು ತಾನಾಗಿ ತೋರಿಸುತ್ತಾಳೆಯೇ? ಆರಿಸಿಕೊಳ್ಳುವುದು ಕೊಳ್ಳುವವರ ಕೆಲಸ. ಆದರೆ ಬದನೆಯನ್ನು ನಾವು ತಿರುಗಿಸಿ ನೋಡುತ್ತೇವೆ. ಈ ಮನುಷ್ಯ ನೋಡದೆ ಇದ್ದದ್ದು ನಾನು ಟೀಚರೆಂಬ ಕಾರಣಕ್ಕೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಗಳಿಸಿದ್ದನ್ನು ನಾನು ಕಾರಿನ ಜೊತೆ ಸೇರಿಸಿ ಮಾರಿದ್ದೆ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಮೆಲ್ಲಗೆ ನುಂಗಿದ ಧರ್ಮರಾಯನನ್ನು ತರಗತಿಯಲ್ಲಿ ಎಷ್ಟು ಸಲ ನಿಲ್ಲಿಸಿ ಪ್ರಶ್ನಿಸಿಲ್ಲ ನಾನು! ದ್ರೋಣರೂ ಅವನನ್ನೇ ಕೇಳಿದ್ದು ಅವನು ಧರ್ಮರಾಯನೆಂದೇ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ಆಮೇಲೆ ಎಲ್ಲರ ರಥಗಳಂತೆ ನೆಲಕ್ಕೆ ತಾಗಿತು. ಅವನು ಕಡೆಯ ಪಕ್ಷ ಪಿಸುಗುಟ್ಟಿದ್ದ.

2022ರ ಮಳೆಗೆ ಪುಟ್ಟಿ ನೀರು ಹೀರಿ ಉಬ್ಬಿ ಬಿರಿಯಿತು. ಪೇಟೆಯಲ್ಲಿ ಕಂಡಾಗ ಅವರೇ ತೋರಿಸಿದರು: ಮುಷ್ಟಿ ತೂರುವಷ್ಟು ತೂತು. "ನಮ್ ಮಳೆಗೆ ಮತ್ತೆಂತ ಆತ್ತ್ ಟೀಚರ್" ಎಂದು ನಕ್ಕರು. ತಪ್ಪನ್ನು ಮಳೆಯ ಮೇಲೆ ಬಿಟ್ಟು ಮನೆಗೆ ಹೋಗುವುದು ಸುಲಭವಿತ್ತು. ಹೋದೆ ಕೂಡ. ನಾಲ್ಕು ತಿಂಗಳು ಹಾಗೆಯೇ ಇದ್ದೆ.

ದೀಪಾವಳಿ ಕಳೆದ ಮೇಲೆ, ತಗಡು ಕತ್ತರಿಸಿ ಹಾಕಿಸುವಷ್ಟು ಹಣ ತೆಗೆದುಕೊಂಡು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ಮಾತಾಡಲಿಲ್ಲ. ಒಳಗಿನಿಂದ ಅವರ ತಾಯಿ, ಯಾರು ಬಂದದ್ದೆಂದು ಕೇಳಿದರು. "ಟೀಚರ್" ಎಂದಷ್ಟೇ ಹೇಳಿದರು. ಬೇಡವೆನ್ನುತ್ತಾರೆ ಎಂದು ನನ್ನೊಳಗೆ ಎಲ್ಲೋ ಒಂದು ಆಸೆಯಿತ್ತು. ಲಕೋಟೆ ಬಿಚ್ಚಿ, ನೋಟುಗಳನ್ನು ಎರಡು ಸಲ ಎಣಿಸಿ ನೋಡಿ, ಜೇಬಿಗೆ ಹಾಕಿಕೊಂಡರು.