ಮ್ಯಾಲಿನವರಿಗೆ ಕಾಣದ ಮನುಷ್ಯ

ಕಿತ್ತೂರ ಕೋಟೆಯೊಳಗೆ ಕೂತು ನಾವು ಕೆಲವರು ಮಾತಾಡುತ್ತಿದ್ದೆವು. ಹಳ್ಳಿ ಶಾಲೆಯ ಮಾಸ್ತರರು, ಕಾಲೇಜು ಹುಡುಗರು, ಸಂಘಟನೆಯ ಗೆಳೆಯರು. ಮಾತು 1824ರ ಯುದ್ಧದಿಂದ ಹೊರಟು ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಿಗೆ ಬಂದು ನಿಂತಿತು. ಆಗ ಬೈಲಹೊಂಗಲ ಕಡೆಯ ಹುಡುಗನೊಬ್ಬ ಕೇಳಿದ: "ಸರ, ಎದುರಿಗೆ ನಿಂತು ಕೊಂದಾವಂಗ ಕೊಲೆಗಾರ ಅಂತೀವಿ. ಮ್ಯಾಲಿಂದ ಬಾಂಬ್ ಒಗದು ಹೋದಾವಂಗ ಏನಂತ ಕರೀಬೇಕ್ರಿ? ಅಂವಾ ಯಾರ ಮಾರೀನೂ ನೋಡಿಲ್ಲಲ್ರಿ?"

ಯಾರೂ ತಟ್ಟನೆ ಉತ್ತರ ಕೊಡಲಿಲ್ಲ. ಈ ಬರಹ ಆ ಹುಡುಗನಿಗೆ ನಾವು ಬಾಕಿ ಉಳಿಸಿಕೊಂಡಿದ್ದ ಉತ್ತರ.

ನಮ್ಮ ನೆಲಕ್ಕೆ ಗೊತ್ತಿರುವುದು ಮಾರಿಗೆ ಮಾರಿ ಕೊಟ್ಟ ಯುದ್ಧ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಗುಂಡು ಹಾಕಿದವನು ಅಮಟೂರ ಬಾಳಪ್ಪ ಎಂದು ಜನ ಇವತ್ತಿಗೂ ಹೇಳುತ್ತಾರೆ. ಅದೇ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿಯ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೆ ಹಾಕಿದರು. ಇಲ್ಲಿ ಕೊಂದವರಿಗೂ ಹೆಸರುಂಟು, ಸತ್ತವರಿಗೂ ಹೆಸರುಂಟು. ಗೋರಿ ಉಂಟು, ಮರ ಉಂಟು, ಲಾವಣಿ ಉಂಟು.

ಇದರ ಪಕ್ಕಕ್ಕೆ ಇನ್ನೊಂದು ಯುದ್ಧವನ್ನಿಟ್ಟು ನೋಡೋಣ. ಅಮೆರಿಕದ ಏಳನೇ ಬಾಂಬರ್ ದಳ 1942ರಲ್ಲಿ ಭಾರತಕ್ಕೆ ಬಂತು. ಬಂಗಾಳದ ಕಲ್ಲಿದ್ದಲು ಸೀಮೆಯ ಪಾಂಡವೇಶ್ವರದಲ್ಲಿ ಬಹುಕಾಲ ಬೀಡುಬಿಟ್ಟಿತ್ತು. ನಾಲ್ಕು ಎಂಜಿನ್ನು, ಸುಮಾರು ಹತ್ತು ಮಂದಿ ಕೂಡುವ ಭಾರೀ ವಿಮಾನಗಳು. ಆ ವಿಮಾನದ ಹೆಸರು ಲಿಬರೇಟರ್, ಅಂದರೆ ವಿಮೋಚಕ! ಬರ್ಮಾ ಮತ್ತು ಥಾಯ್ಲೆಂಡಿನಲ್ಲಿ ಜಪಾನೀಯರ ಕೈಲಿದ್ದ ರೈಲು ದಾರಿ, ಸೇತುವೆ, ಬಂದರುಗಳನ್ನು ಮುರಿಯುವುದು ಅವುಗಳ ಕೆಲಸ. 1943ರಲ್ಲಿ ಅದೇ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಹಸಿವಿನಿಂದ, ಹಸಿವಿನ ಬೆನ್ನಿಗೆ ಬಂದ ರೋಗದಿಂದ ಸತ್ತರು. ವಿಮಾನಕ್ಕೆ ಪೆಟ್ರೋಲು ಸಮುದ್ರ ದಾಟಿ ಬಂತು. ಕೆಳಗಿನವರ ತಾಟಿಗೆ ಬೇಕಾದಷ್ಟು ಅಕ್ಕಿ ಬರಲಿಲ್ಲ.

"ಅದು ದೂರದ ಮಾತು ಬಿಡ್ರಿ" ಎನ್ನುವಂತಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದ ಉಸ್ತುವಾರಿಗೆ ಹೋಯಿತು. ಅಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿದ್ದು ಕನ್ನಡ, ತಮಿಳು, ತೆಲುಗು ಮಾತಾಡುವ ಕೈಗಳು. ಯುದ್ಧ ಮುಗಿದ ಮೇಲೆ ಕಾನಪುರದಲ್ಲಿ ಬೇಕಂತಲೇ ಕೆಡಿಸಿ ಬಿಟ್ಟಿದ್ದ ಲಿಬರೇಟರ್‌ಗಳನ್ನು ಅದೇ ಕಾರ್ಖಾನೆಯವರು ಮತ್ತೆ ಹಾರುವಂತೆ ಮಾಡಿದರು. 1948ರಲ್ಲಿ ಅವು ಸ್ವತಂತ್ರ ಭಾರತದ ವಾಯುಪಡೆಗೆ ಸೇರಿ 1968ರವರೆಗೆ ಹಾರಿದವು.

ಇನ್ನೂ ಹತ್ತಿರ ಬರೋಣ. 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದರು. ಇದೇ ಇಂಗ್ಲಿಷರು ಅದಕ್ಕೂ ಮುಂಚೆ "ನೀವು ಯೋಧ ಜಾತಿಯವರಲ್ಲ" ಎಂದು ಅಸ್ಪೃಶ್ಯರಿಗೆ ಸೈನ್ಯದ ಬಾಗಿಲು ಹಾಕಿದ್ದರು. ಬಾಗಿಲು ತೆಗೆಸಲು ಅಂಬೇಡ್ಕರರು ಹೋರಾಡಬೇಕಾಯಿತು. ನಮ್ಮವರು ಹೋದರು, ಹೊಟ್ಟೆಗಾಗಿ ಮತ್ತು ಮಾನಕ್ಕಾಗಿ. ಹಾಗಾಗಿ ಆ ಯುದ್ಧದ ಲೆಕ್ಕದಲ್ಲಿ ನಾವೂ ಇದ್ದೇವೆ.

ಈಗ ವಿಮಾನದ ಕೆಳಗೆ ಏನಿತ್ತು ನೋಡೋಣ. ಥಾಯ್ಲೆಂಡಿನಿಂದ ಬರ್ಮಾಕ್ಕೆ ಜಪಾನೀಯರು ಸುಮಾರು 415 ಕಿಲೋಮೀಟರ್ ರೈಲು ದಾರಿಯನ್ನು 1942-43ರಲ್ಲಿ ಬಡಿದು ದುಡಿಸಿ ಹಾಕಿಸಿದರು. ಅರವತ್ತು ಸಾವಿರಕ್ಕೂ ಮಿಕ್ಕಿದ ಯುದ್ಧಕೈದಿಗಳು ದುಡಿದರು, ಅವರಲ್ಲಿ ಸುಮಾರು ಹನ್ನೆರಡು ಸಾವಿರ ಜನ ಸತ್ತರು. ಅವರಿಗಿಂತ ಎಷ್ಟೋ ಪಾಲು ಹೆಚ್ಚು ಏಷ್ಯಾದ ಕೂಲಿಗಳಿದ್ದರು. ಬರ್ಮಾದವರು, ಜಾವಾದವರು, ಮಲಯದ ರಬ್ಬರ್ ತೋಟಗಳಿಂದ ಎಳೆತಂದ ತಮಿಳರು. ಆ ದಾರಿಯ ಸೇತುವೆಗಳೇ ಏಳನೇ ದಳದ ಗುರಿ. 1944ರ ನವೆಂಬರಿನಲ್ಲಿ ತಾಮರ್ಕಾನ್ ಸೇತುವೆಯ ಕಡೆ ಹಾಕಿದ ಬಾಂಬುಗಳು ಪಕ್ಕದ ಕೈದಿಗಳ ಕ್ಯಾಂಪಿನ ಮೇಲೆ ಬಿದ್ದವು. ಬಿಡಿಸಲು ಬಂದವರ ಬಾಂಬಿಗೆ ಬಿಡುಗಡೆ ಕಾಯುತ್ತಿದ್ದವರು ಸತ್ತರು. ಅದೇ ವರ್ಷದ ಕೊನೆಗೆ ಬರ್ಮಾದ ಸೇತುವೆಗಳ ಮೇಲೆ ರೇಡಿಯೋದಿಂದ ಎಡಕ್ಕೆ ಬಲಕ್ಕೆ ತಿರುಗಿಸಬಲ್ಲ ಹೊಸ ನಮೂನೆಯ ಬಾಂಬು ಬಂತು. ಸೇತುವೆಯನ್ನು ತಪ್ಪದೆ ಹೊಡೆಯುವ ಜಾಣತನ ಬೆಳೆಯಿತು. ಸೇತುವೆಯ ಕೆಳಗೆ ಯಾರಿದ್ದಾರೆ ಎಂದು ತಿಳಿಯುವ ಕಣ್ಣು ಅದರೊಟ್ಟಿಗೆ ಬೆಳೆಯಲಿಲ್ಲ.

1945ರ ಮಾರ್ಚ್ 19ರ ದಾಳಿಗಾಗಿ ಆ ದಳಕ್ಕೆ ಅಮೆರಿಕ ಬಿರುದು ಕೊಟ್ಟಿತು. ಕಾಂಚನಬುರಿಯ ಸ್ಮಶಾನದಲ್ಲಿ ಸತ್ತ ಕೈದಿಗಳ ಸುಮಾರು ಏಳು ಸಾವಿರ ಗೋರಿಗಳು ಸಾಲಾಗಿವೆ. ಸತ್ತ ಕೂಲಿಗಳಿಗೆ ಹಾಗೆ ಒಬ್ಬೊಬ್ಬರ ಹೆಸರಿನ ಸಾಲುಗೋರಿಗಳಿಲ್ಲ. ಎಷ್ಟು ಜನ ಸತ್ತರು ಎಂಬ ನಿಖರ ಪಟ್ಟಿಯೂ ಇಲ್ಲ. ಸಾವಿನಲ್ಲೂ ಪಂಕ್ತಿಭೇದ!

ಹಾಗಾದರೆ ಆ ಸೇತುವೆ ಮುರಿಯಬಾರದಿತ್ತೇ? ಹಾಗೆಂದು ನಾವು ಹೇಳಲಾರೆವು. ಜಪಾನಿನ ಸೈನ್ಯಶಾಹಿ ಏಷ್ಯಾದ ಬಡವರನ್ನು ಎತ್ತುಗಳಂತೆ ದುಡಿಸಿ ಕೊಂದಿತು. ಹಿಟ್ಲರನ ಕೂಟ ಗೆದ್ದರೆ ಬಡವನಿಗೆ ಉಳಿಗಾಲವಿಲ್ಲ ಎಂದೇ ಅಂಬೇಡ್ಕರರು ಆ ಯುದ್ಧದ ಪರವಾಗಿ ನಿಂತರು. ವಿಮಾನದಲ್ಲಿ ಕೂತ ಆ ಹತ್ತು ಹುಡುಗರೂ ಯಾವುದೋ ತಾಯಿಯ ಮಕ್ಕಳೇ. ಅವರಲ್ಲೂ ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಹಾರುವಾಗ ಕೆಳಗಿನವರ ಮುಖ ಕಾಣದಿರುವುದು ಅವರ ತಪ್ಪಲ್ಲ. ಇಳಿದ ಮೇಲೆ "ಕೆಳಗೆ ಯಾರಿದ್ದರು?" ಎಂದು ಕೇಳದಿರುವುದು ತಪ್ಪು. ಕಳಿಸಿದವರಿಗೆ ಆ ತಪ್ಪು ಇನ್ನೂ ದೊಡ್ಡದು. ಎಷ್ಟು ಟನ್ ಬಾಂಬು, ಎಷ್ಟು ಸೇತುವೆ ಎಂದು ಬರೆದಿಡಲು ಅವರಿಗೆ ಕಾಗದವಿತ್ತು. ಕೂಲಿಯವನ ಹೆಸರಿಗೆ ಮಾತ್ರ ಇರಲಿಲ್ಲ.

ಗೆಳೆಯರೇ, ಈ ಎತ್ತರ ನಮಗೆ ಹೊಸದೇ? ಹುಣ್ಣಿವೆಯ ದಿನ ಸವದತ್ತಿಯ ಎಲ್ಲಮ್ಮನ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿರಿ. ಬರುವ ಜನ ಇರುವೆ ಸಾಲು. ಇಳಿದು ಜೋಗುಳಬಾವಿಗೆ ಬನ್ನಿರಿ. ಒಬ್ಬೊಬ್ಬರಿಗೂ ಒಂದೊಂದು ಮುಖ. ಮುತ್ತು ಕಟ್ಟಿಸಿಕೊಂಡು ಮುದುಕಿಯಾದವಳ ಮುಖವೂ ಅದರಲ್ಲಿದೆ. ಮುತ್ತು ಕಟ್ಟುವುದನ್ನು ನಿಷೇಧಿಸುವ ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಅದಕ್ಕೂ ಮುಂಚೆ ಎಷ್ಟು ತಲೆಮಾರು ಮೇಲಿನವರು ಈ ಹೆಣ್ಣುಗಳನ್ನು ಗುಡ್ಡದ ಮೇಲಿಂದಲೇ ನೋಡಿದರು? ಜಾತಿ ಅಂದರೆ ಎತ್ತರ. ಕೆಳಗಿನವನು ಕಾಣದಂತೆ ಬದುಕುವ ಸವಲತ್ತು. ಕೇರಿಗೆ ಕಾಲಿಡದೆ ಎಂಬತ್ತು ವರ್ಷ ಬಾಳಿ "ನಾನ್ಯಾರಿಗೂ ಕೇಡು ಮಾಡಿಲ್ಲಪಾ" ಎಂದು ಕಣ್ಣು ಮುಚ್ಚುವ ಗೌಡನೂ ಒಂದು ವಿಮಾನದಲ್ಲೇ ಕೂತವನು.

ಇಷ್ಟು ಹೇಳಿ ನಾವು ಕೈ ತೊಳೆದುಕೊಂಡರೆ ಸುಳ್ಳಾಗುತ್ತದೆ. 1939ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದ ಜನ ಅರಸೊತ್ತಿಗೆಯ ವಿರುದ್ಧ ಎದ್ದರು. ಆ ಸಿಟ್ಟಿಗೆ ನೂರು ಕಾರಣಗಳಿದ್ದವು. ಆ ಗಲಭೆಯಲ್ಲಿ ಪೊಲೀಸರು ಸತ್ತರು, ಆಮೇಲೆ ನಮ್ಮವರು ಗಲ್ಲಿಗೆ ಹೋದರು. ಗಲ್ಲಿಗೆ ಹೋದವರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಸತ್ತ ಪೊಲೀಸನೂ ಸಂಬಳಕ್ಕೆ ದುಡಿದ ಬಡವ. ಅವನ ಮನೆಯಲ್ಲಿ ಅವತ್ತು ರಾತ್ರಿ ಒಲೆ ಹೊತ್ತಿತೇ ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ನ್ಯಾಯ ನಮ್ಮ ಕಡೆಗಿದೆ ಎನ್ನುವುದೂ ಒಂದು ಎತ್ತರವೇ. ಅಲ್ಲಿಂದಲೂ ಕೆಳಗಿನವನು ಕಾಣದೆ ಹೋಗಬಹುದು.

ಆದ್ದರಿಂದ ತಮ್ಮಾ, ನಿನ್ನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಮ್ಯಾಲಿಂದ ಹೊಡೆದವನನ್ನು ಏನಂತ ಕರೀಬೇಕು ಅನ್ನೋದು ಅವನು ಕೆಳಗೆ ಇಳಿದ ಮೇಲೆ ಗೊತ್ತಾಗುತ್ತದೆ. ಸತ್ತವರ ಹೆಸರು ಕೇಳಿದನೋ, ಮೆಡಲು ಹಾಕಿಕೊಂಡು ಸುಮ್ಮನಾದನೋ ನೋಡು. ಇದೇ ಅಳತೆಗೋಲನ್ನು ನಮಗೂ ಹಚ್ಚು.

ಮಾಸ್ತರರಿಗೆ ಒಂದು ಮಾತು. ನಮ್ಮ ನಾಲ್ಕೂ ತಾಲೂಕುಗಳ ಹಳ್ಳಿಗಳಲ್ಲಿ ಆ ಯುದ್ಧಕ್ಕೆ ಪಲ್ಟಣಿ ಸೇರಿ ಹೋದವರ ಮೊಮ್ಮಕ್ಕಳು ಇದ್ದಾರೆ. ಹುಡುಗರನ್ನು ಮನೆಮನೆಗೆ ಕಳಿಸಿ ಹೆಸರು ಬರೆಸಿರಿ. ಮೊದಲು ಕೇರಿಯಿಂದ ಸುರು ಮಾಡಿರಿ.